ಅಕ್ಕಿಕಾಳಿನಷ್ಟು ಗ್ರಂಥಿ, ಆನೆಯಷ್ಟು ಹೊಟ್ಟೆಕಿಚ್ಚು

ಬೇರೆಯವರ ಒಡವೆ ನೋಡಿ ಹೊಟ್ಟೆ ಉರಿದುಕೊಂಡವರನ್ನು ನೀವು ಕಂಡಿರುತ್ತೀರಿ. ಮನೆ ನೋಡಿ, ಸೊಸೆ ನೋಡಿ, ಕೊನೆಗೆ ಪಕ್ಕದವರ ಕಸದ ಬುಟ್ಟಿ ನೋಡಿ ಉರಿದುಕೊಂಡವರನ್ನೂ ಕಂಡಿರುತ್ತೀರಿ. ಬೇರೆಯವರ ನಿದ್ದೆ ನೋಡಿ ಹೊಟ್ಟೆ ಉರಿದುಕೊಂಡವಳನ್ನು ಕಂಡಿಲ್ಲವಾದರೆ, ಇಗೋ ಇಲ್ಲಿ ಕೂತಿದ್ದೇನೆ, ಕಣ್ತುಂಬ ನೋಡಿಕೊಳ್ಳಿ. ವಯಸ್ಸು ಎಪ್ಪತ್ತೊಂದು. ಓದಿದ್ದು ಮೂರನೇ ಕ್ಲಾಸು (ಅದರಲ್ಲೂ ಮೂರನೆಯದು ಅರ್ಧ). ಹಲ್ಲು ಹದಿನಾಲ್ಕು. ಹೊಟ್ಟೆಕಿಚ್ಚು ಮಾತ್ರ ಮೂವತ್ತೆರಡಕ್ಕೆ ಮೂವತ್ತೆರಡೂ ಗಟ್ಟಿಯಾಗಿದೆ.

ಉರಿಯುವುದು ಯಾರ ಮೇಲೆ ಅಂದರೆ, ನನ್ನ ಬೀಗಿತ್ತಿಯ ಮೇಲೆ. ನನ್ನ ಸೊಸೆಯ ತಾಯಿ. ಮೂವತ್ತು ವರ್ಷ ಹೊಲಿಗೆ ಶಾಲೆಯಲ್ಲಿ ಕತ್ತರಿ ಹಿಡಿದು ಪಾಠ ಹೇಳಿದವರು, ಅದಕ್ಕೆ ಮನೆಗೆಲ್ಲ ಅವರು ಟೀಚರಮ್ಮ. ಎರಡು ವರ್ಷದ ಹಿಂದೆ ಅವರ ಮೊಣಕಾಲು ಕೈಕೊಟ್ಟಿತು. ಒಂಟಿಯಾಗಿ ಇರುವುದು ಬೇಡವೆಂದು ಸೊಸೆ ಕರೆದುಕೊಂಡು ಬಂದಳು. "ನಿಮಗೂ ಜೊತೆಯಾಗುತ್ತೆ ಅತ್ತೆ" ಅಂದಳು. "ಬರಲಿ ಬರಲಿ, ಮನೆ ಅಂದ ಮೇಲೆ ಜನ ಇರಬೇಕು" ಅಂದೆ ನಾನು. (ಹಾಗಂದದ್ದು ಬಾಯಿ. ಹೊಟ್ಟೆಯನ್ನು ಯಾರೂ ಕೇಳಲಿಲ್ಲ.)

ನಮ್ಮದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡನೇ ಮಹಡಿ. ಮುಂದಿನ ಕೋಣೆ ಮಗ ಸೊಸೆಗೆ. ಹಿಂದಿನ ಕೋಣೆಯಲ್ಲಿ ಎರಡು ಮಂಚ: ಗೋಡೆ ಪಕ್ಕದ್ದು ನನ್ನದು, ಕಿಟಕಿ ಪಕ್ಕದ್ದು ಟೀಚರಮ್ಮನದು. ನಡುವೆ ಮೂರಡಿ ನೆಲ. ಆ ಮೂರಡಿಯಲ್ಲೇ ನನ್ನ ಸರ್ವಸ್ವ ಕಳೆದುಹೋದದ್ದು.

ಹೇಗೆ ಅಂತೀರಾ? ನನ್ನ ಮೊಮ್ಮಗಳು ಚಿಟ್ಟಿಗೆ ಆರು ವರ್ಷ. ಹಾಲು ಬಿಟ್ಟ ದಿನದಿಂದ ನನ್ನ ಮಗ್ಗುಲಲ್ಲೇ ಮಲಗಿದ ಮಗು. ನನ್ನ ಕಿವಿಯನ್ನು ಹಿಡಿದುಕೊಂಡೇ ಮಲಗುತ್ತಿತ್ತು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ತನ್ನ ಪುಟ್ಟ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಊರು ಬಿಟ್ಟು ಹೋಗುವವರ ಹಾಗೆ ಗಂಭೀರವಾಗಿ, ಮೂರಡಿ ದಾಟಿ ಆ ಮಂಚ ಹತ್ತಿಬಿಟ್ಟಿತು.

"ಯಾಕೇ ಚಿಟ್ಟಿ?" ಅಂದೆ.

"ಅಲ್ಲಿ ಚೆನ್ನಾಗಿರುತ್ತೆ ಅಜ್ಜಿ" ಅಂದಳು. ಅಷ್ಟೆ.

ನನ್ನ ಕಿವಿ ಅವತ್ತಿನಿಂದ ಖಾಲಿ.

ಕಾರಣವನ್ನು ಸೊಸೆ ಹೇಳಿದಳು. "ಬೇಜಾರು ಮಾಡ್ಕೋಬೇಡಿ ಅತ್ತೆ. ನೀವು ಎರಡೂವರೆಗೆಲ್ಲ ಎದ್ದು ಅಡುಗೆಮನೇಲಿ ಪಾತ್ರೆ ಕುಟ್ತೀರ. ಮಗು ಬೆಚ್ಚಿ ಬೀಳುತ್ತೆ. ಅಮ್ಮ ನೋಡಿ, ಮಲಗಿದ್ರೆ ಮಲಗಿದ ಹಾಗೆ."

ಎರಡೂವರೆಗೆ ಏಳುವುದು ನನ್ನ ಶೋಕಿಯೇ? ನಮ್ಮ ಯಜಮಾನರು ಬ್ರೆಡ್ ಬೇಕರಿಯಲ್ಲಿ ಒಲೆ ಹಚ್ಚುವ ಕೆಲಸದಲ್ಲಿದ್ದವರು. ಮೂರೂವರೆಗೆ ಒಲೆ ಕೆಂಪಗಿರಬೇಕು, ಐದಕ್ಕೆ ಬ್ರೆಡ್ ಹೊರಗೆ ಬರಬೇಕು. ಮೂವತ್ತಮೂರು ವರ್ಷ ನಾನು ಎರಡೂವರೆಗೆ ಎದ್ದು ನೀರು ಕಾಯಿಸಿ, ಕಾಫಿ ಮಾಡಿ, ಅವರ ಟೊಪ್ಪಿಯನ್ನು ಕೊಡವಿ ಕೊಟ್ಟೆ. ಟೊಪ್ಪಿ ಎಷ್ಟು ಒಗೆದರೂ ಕೊಡವಿದಾಗ ಹಿಟ್ಟು ಹಾರುತ್ತಿತ್ತು. ಮಧ್ಯಾಹ್ನ ಮನೆಗೆ ಬಂದಾಗ ಹುಬ್ಬು ಬೆಳ್ಳಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಪಕ್ಕದವರು "ನಿನ್ನ ಗಂಡನಿಗೆ ಇಷ್ಟು ವಯಸ್ಸಾ?" ಅಂತ ಕೇಳಿದ್ದರು. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಬೇಕರಿಯೂ ಮುಚ್ಚಿತು, ಅಲ್ಲೀಗ ಕನ್ನಡಕ ಮಾರುತ್ತಾರೆ. ಆ ಸುದ್ದಿ ನನ್ನ ಕಣ್ಣಿಗೆ ಮಾತ್ರ ಇನ್ನೂ ಮುಟ್ಟಿಲ್ಲ. ಎರಡೂವರೆ ಆಯಿತೋ, ಪಟ್ಟನೆ ತೆರೆಯುತ್ತದೆ.

ಹಾಗೆ ತೆರೆದ ಕಣ್ಣಿಗೆ ಮೊದಲು ಬೀಳುವುದು ಆ ಮಂಚ. ಟೀಚರಮ್ಮ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಮಲಗಿರುತ್ತಾರೆ. ಎರಡು ಕೈ ಹೊಟ್ಟೆಯ ಮೇಲೆ. ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ. ಗೊರಕೆ ಇಲ್ಲ, ಹೊರಳುವುದಿಲ್ಲ. ಅವರ ಕಿವಿಯನ್ನು ಹಿಡಿದುಕೊಂಡು ನನ್ನ ಮೊಮ್ಮಗಳು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಕಣ್ಣು ಬಿಟ್ಟು, "ಆಹಾ, ಏನು ನಿದ್ದೆ ಬೀಗರೇ! ಕಲ್ಲು ಬಿದ್ದ ಹಾಗೆ" ಅನ್ನುತ್ತಾರೆ.

ಕಲ್ಲು ಬಿದ್ದದ್ದು ಎಲ್ಲಿಗೆ ಅಂತ ನನಗೆ ಗೊತ್ತು. ನನ್ನ ಎದೆಗೆ.

"ನನಗೆ ನಿದ್ದೆಯೇ ಇಲ್ಲ ಕಣಪ್ಪ" ಅಂತ ಮಗನ ಹತ್ತಿರ ಗೋಳಾಡಿದೆ. ಅವನು ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ತಾಯಿಯ ದುಃಖ ಯಾವ ಮಹಡಿಯಲ್ಲಿ ನಿಂತಿದೆ ಅಂತ ಹೇಗೆ ತಿಳಿಯಬೇಕು?

"ಏನಮ್ಮ ನೀನು? ನಿನ್ನೆ ಏಳೂವರೆಗೇ ಟಿವಿ ಮುಂದೆ ಕೂತು ಗೊರಕೆ ಹೊಡೀತಿದ್ದೆ."

"ಅದು ಗೊರಕೆ ಅಲ್ಲ. ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ."

"ಅಷ್ಟು ಜೋರಾಗಿ ಯಾರಮ್ಮ ಯೋಚನೆ ಮಾಡ್ತಾರೆ?"

ಹೆತ್ತ ಮಗ! ಇರಲಿ.

ಹೀಗಿರುವಾಗ ಸೊಸೆ ಒಂದು ದಿನ ಆಸ್ಪತ್ರೆಯಿಂದ ಹೊಸ ಸುದ್ದಿ ತಂದಳು. ಅವಳು ಅಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ನಿದ್ದೆ ಡಾಕ್ಟರ್ ಅಂತ ಒಬ್ಬರು ಬಂದಿದ್ದಾರಂತೆ. (ನಿದ್ದೆ ಮಾಡುವ ಡಾಕ್ಟರೇ ಅಂದುಕೊಂಡೆ. ಅಂಥವರನ್ನು ನಾನು ಹಿಂದೆಯೂ ನೋಡಿದ್ದೇನೆ.) ಅರವತ್ತೈದು ದಾಟಿದವರ ನಿದ್ದೆಯ ಲೆಕ್ಕ ತೆಗೆಯುತ್ತಾರಂತೆ. ಅದಕ್ಕೆ ನಮ್ಮಿಬ್ಬರ ಉಗುಳು ಬೇಕಂತೆ.

"ಉಗುಳಾ?" ಅಂದೆವು ನಾವಿಬ್ಬರೂ. ಎರಡು ವರ್ಷದಲ್ಲಿ ಬೀಗರಿಬ್ಬರೂ ಒಟ್ಟಿಗೆ ಆಡಿದ ಮೊದಲ ಮಾತು ಅದು.

ನಾವು ಊಟದ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದೆವು. ಸೊಸೆ ಒಂದು ಕಾಳು ಎತ್ತಿ ಹಿಡಿದಳು. "ತಲೆಯ ಒಳಗೆ, ಮಿದುಳಿನ ನಟ್ಟನಡುವೆ ಪೀನಿಯಲ್ ಅಂತ ಒಂದು ಗ್ರಂಥಿ ಇದೆ. ಇಷ್ಟೂ ಇಲ್ಲ, ಅಕ್ಕಿಕಾಳಿನಷ್ಟು. ಹೊರಗೆ ಕತ್ತಲಾಯ್ತು ಅಂತ ಕಣ್ಣಿಂದ ಅದಕ್ಕೆ ಸುದ್ದಿ ಹೋಗುತ್ತೆ. ಆಗ ಅದು ಮೆಲಟೋನಿನ್ ಅನ್ನೋ ರಸ ಬಿಡೋಕೆ ಶುರುಮಾಡುತ್ತೆ. ರಾತ್ರಿ ಆಯ್ತು, ಮಲಗಿ ಅಂತ ಮೈಗೆಲ್ಲ ಡಂಗುರ ಹೊಡೆದ ಹಾಗೆ. ಬೆಳಕು ಬಿದ್ರೆ ನಿಲ್ಲಿಸಿಬಿಡುತ್ತೆ."

"ಅಂದ್ರೆ ಬೇಕರಿ" ಅಂದೆ ನಾನು. "ಎಲ್ಲರೂ ದೀಪ ಆರಿಸಿದಾಗ ಒಲೆ ಹಚ್ಚೋದು, ಬೆಳಗಾದಾಗ ಮುಚ್ಚೋದು."

"ಸರಿಯಾಗಿ ಹೇಳಿದ್ರಿ ಅತ್ತೆ!" ಅಂದಳು. ಟೀಚರಮ್ಮನ ಕಡೆ ಒಮ್ಮೆ ನೋಡಿದೆ. ಮೂವತ್ತು ವರ್ಷ ಪಾಠ ಹೇಳಿದ ಅವರಿಗೆ ಅದು ಹೊಳೆದಿರಲಿಲ್ಲ.

"ವಯಸ್ಸಾದ ಹಾಗೆ ರಸ ಕಡಿಮೆ ಆಗುತ್ತೆ" ಅಂದಳು ಸೊಸೆ. "ಕೆಲವರಿಗೆ ಬೇಗ ಶುರುವಾಗುತ್ತೆ, ಕೆಲವರಿಗೆ ತಡವಾಗಿ. ಉಗುಳಲ್ಲಿ ನೋಡಿದ್ರೆ ಗೊತ್ತಾಗುತ್ತೆ."

ಆಗ ನನ್ನ ಮಗ, ಬಾಯಲ್ಲಿ ಬಟಾಣಿ ಇಟ್ಟುಕೊಂಡೇ, ತಮಾಷೆಗೆ ಒಂದು ಮಾತು ಎಸೆದ. "ಒಳ್ಳೇದೇ ಆಯ್ತು. ಚಿಟ್ಟಿ ಯಾರ ಪಕ್ಕ ಮಲಗಬೇಕು ಅಂತ ದಿನಾ ಅಮ್ಮನ ಪಂಚಾಯ್ತಿ. ರಿಪೋರ್ಟ್ ಬರಲಿ. ಯಾರ ಗ್ರಂಥಿ ಗಟ್ಟಿಯೋ ಅವರ ಪಕ್ಕ ಮಗು."

ಅವನಿಗೆ ತಮಾಷೆ. ನನಗೆ ಅದು ಸುಪ್ರೀಂ ಕೋರ್ಟು. "ಆಡಿದ ಮಾತು ತಪ್ಪಬಾರದು" ಅಂದೆ. "ಇಲ್ಲ ಬಿಡು" ಅಂದ. ಟೀಚರಮ್ಮ ಬಟಾಣಿ ಸುಲಿಯುತ್ತಲೇ ಇದ್ದರು. ಗೆಲ್ಲುವವರಿಗೆ ಮಾತೇಕೆ?

ಪರೀಕ್ಷೆಯ ದಿನ ಬಂತು. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಸಂಜೆ ಐದಕ್ಕೆ ನಮ್ಮ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಮಿಣುಕು ದೀಪ ಒಂದನ್ನೇ ಇಟ್ಟು, ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿದರು. ಟಿವಿ ಇಲ್ಲ, ಫೋನಿಲ್ಲ. ಐದರಿಂದ ಹತ್ತರವರೆಗೆ, ಅರ್ಧ ಗಂಟೆಗೊಮ್ಮೆ ಒಂದು ಹತ್ತಿಯ ಉಂಡೆಯನ್ನು ಬಾಯಲ್ಲಿ ಚೆನ್ನಾಗಿ ಅಗಿದು ಪುಟ್ಟ ಕೊಳವೆಗೆ ಹಾಕಬೇಕು. ಹನ್ನೊಂದು ಹನ್ನೊಂದು ಇಪ್ಪತ್ತೆರಡು ಕೊಳವೆ. ಕೊಳವೆಯ ಮೇಲೆ ಗಂಟೆ ಬರೆದಿತ್ತು, ಯಾರದೆಂಬುದು ಮುಚ್ಚಳದ ಬಣ್ಣದಲ್ಲಿ: ಕೆಂಪು ನಾನು, ನೀಲಿ ಟೀಚರಮ್ಮ.

ಗಂಟೆ ನೋಡಿ ಹೇಳುವ ಅಧಿಕಾರ ಚಿಟ್ಟಿಯದು. "ಅಜ್ಜಿ, ಟೀಚರಜ್ಜಿ, ಅಗೀರಿ!" ಅಂತ ಆಜ್ಞೆ ಮಾಡುತ್ತಿತ್ತು.

ಟೀಚರಮ್ಮ ಅಗಿಯುವುದೂ ಒಂದು ಶಿಸ್ತು. ತುಟಿ ಮುಚ್ಚಿ, ಬಲಕ್ಕೆ ಹತ್ತು, ಎಡಕ್ಕೆ ಹತ್ತು. ನನಗೆ ಹದಿನಾಲ್ಕು ಹಲ್ಲಿನಲ್ಲಿ ಹತ್ತಿ ಒಂದು ಕಡೆ, ನಾಲಿಗೆ ಒಂದು ಕಡೆ. ಆರಾಯಿತು, ಆರೂವರೆಯಾಯಿತು. ಏಳಕ್ಕೆ ಹತ್ತಿ ಬಾಯಲ್ಲಿಟ್ಟದ್ದು ನೆನಪಿದೆ. ಆಮೇಲೆ ಯಾರೋ ಹೆಗಲು ಅಲುಗಿಸಿದರು.

"ಅತ್ತೆ, ಹತ್ತಿ ಎಲ್ಲಿ?"

"ಯಾವ ಹತ್ತಿ?"

"ನುಂಗಿಬಿಟ್ರಾ!"

ನುಂಗಿರಲಿಲ್ಲ. ಕೆನ್ನೆಯ ಮೂಲೆಯಲ್ಲಿತ್ತು. "ಯೋಚನೆ ಮಾಡ್ತಿದ್ದೆ" ಅಂದೆ. ಏಳೂವರೆಗೂ ಹೀಗೇ ಆಯಿತು, ಎಂಟಕ್ಕೂ. ಪ್ರತಿ ಸಲ ಚಿಟ್ಟಿ ಬಂದು ನನ್ನ ಮೂಗು ಹಿಂಡಿ ಎಬ್ಬಿಸಬೇಕಾಯಿತು. ಟೀಚರಮ್ಮ ಮಾತ್ರ ಹತ್ತು ಗಂಟೆಯವರೆಗೆ ಹೊಸ ಸೂಜಿಯ ಹಾಗೆ ನೆಟ್ಟಗೆ, ಹೊಳೆಯುತ್ತಾ ಕೂತಿದ್ದರು. ಬೇಕೆಂದಾಗ ಎಚ್ಚರ, ಬೇಕೆಂದಾಗ ನಿದ್ದೆ! ಇಂಥ ಗ್ರಂಥಿಯ ಮುಂದೆ ನನ್ನದೊಂದು ಗ್ರಂಥಿಯೇ? ಒಣಗಿ ಕಲ್ಲಾದ ನುಚ್ಚು. ಪರೀಕ್ಷೆಯಲ್ಲಿ ನಾನು ಸೋಲುವುದು ಖಂಡಿತ. ಮಗು ಶಾಶ್ವತವಾಗಿ ಮೂರಡಿ ಆಚೆ.

ಈಗ ಒಂದು ಪಾಪವನ್ನು ಹೇಳುತ್ತೇನೆ. ಯಾರಿಗೂ ಹೇಳಬೇಡಿ ಅನ್ನೋಣವೆಂದರೆ ಎಲ್ಲರಿಗೂ ಗೊತ್ತಾಗಿಹೋಗಿದೆ.

ಕೊಳವೆಗಳ ಡಬ್ಬವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಳು. ಮಗ ಕೆಳಗೆ ಹೋಗಿದ್ದ. ಟೀಚರಮ್ಮ ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಡಬ್ಬ ತೆಗೆದೆ. ಕೆಂಪು ಮುಚ್ಚಳ ಬಿಚ್ಚಿದೆ, ನೀಲಿ ಬಿಚ್ಚಿದೆ, ಅದು ಇದಕ್ಕೆ, ಇದು ಅದಕ್ಕೆ. ಇಪ್ಪತ್ತೆರಡು ಮುಚ್ಚಳ! ಬೆರಳು ಮರಗಟ್ಟಿತು. ಒಂದು ನೀಲಿ ಮುಚ್ಚಳ ಚಿಮ್ಮಿ ಹಾಲಿನ ಪಾತ್ರೆಗೆ ಬಿತ್ತು. ಚಮಚದಲ್ಲಿ ಎತ್ತಿ, ಸೆರಗಿಗೆ ಒರೆಸಿ, ಹಾಕಿದೆ. (ಅವತ್ತಿನ ಕಾಫಿ ಚೆನ್ನಾಗಿದೆ ಅಂತ ಮಗ ಎರಡು ಸಲ ಹೇಳಿದ.) ಸ್ನಾನದ ಕೋಣೆಯ ಚಿಲಕ ಸದ್ದಾಗುವ ಹೊತ್ತಿಗೆ ಟೀಚರಮ್ಮನ ಉಗುಳೆಲ್ಲ ನನ್ನದು, ನನ್ನದೆಲ್ಲ ಟೀಚರಮ್ಮನದು.

ಹನ್ನೆರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಚಿಟ್ಟಿಯ ದಿಂಬಿನ ಕವರನ್ನು ಒಗೆದು ಇಟ್ಟುಕೊಂಡೆ. ಕಿವಿಗೆ ಎಣ್ಣೆ ಹಚ್ಚಿ ನುಣುಪು ಮಾಡಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಸೊಸೆ ಕಾಗದ ಬಿಡಿಸಿದಳು. ಅದರಲ್ಲಿ ಎರಡು ಗೆರೆ. ಒಂದು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. ಇನ್ನೊಂದು ನೆಲಕ್ಕೆ ಅಂಟಿಕೊಂಡು ತೆವಳಿತ್ತು.

"ಅಬ್ಬಾ, ಇದನ್ನ ನೋಡಿ! ಆರೂವರೆಗೇ ಶುರು. ಒಂಬತ್ತಕ್ಕೆ ಇಲ್ಲಿಗೆ! ಈ ವಯಸ್ಸಲ್ಲಿ ಇಷ್ಟು ರಸ ನಾನು ನೋಡೇ ಇಲ್ಲ ಅಂದ್ರು ಡಾಕ್ಟರು. ಮೂವತ್ತು ವರ್ಷದವರ ಗ್ರಂಥಿ ಇದ್ದ ಹಾಗಿದೆಯಂತೆ. ಹತ್ತು ಜನಕ್ಕೆ ಕರೆದು ತೋರಿಸಿದಾರೆ."

ನಾನು ನಾಚಿಕೆಯ ಮುಖ ಮಾಡಿಕೊಂಡು ತಲೆ ತಗ್ಗಿಸಿದೆ.

"ಅಮ್ಮಾ, ನಿನ್ನದು!" ಅಂತ ಸೊಸೆ ಟೀಚರಮ್ಮನನ್ನು ತಬ್ಬಿಕೊಂಡಳು. "ನೀಲಿ!"

ನನ್ನ ತಲೆ ತಗ್ಗಿದ್ದು ತಗ್ಗಿಯೇ ಉಳಿಯಿತು. ನೀಲಿ ಮುಚ್ಚಳದ ಕೆಳಗೆ ಇದ್ದದ್ದು ನನ್ನ ಉಗುಳು! ಆ ಏಣಿ ನನ್ನದು! ಮೂವತ್ತು ವರ್ಷದ ಗ್ರಂಥಿ ನನ್ನ ತಲೆಯಲ್ಲಿ ಕೂತಿದೆ, ಮುತ್ತೈದೆಯ ಹಾಗೆ! ನನ್ನ ಕೈಯಾರೆ, ಇಪ್ಪತ್ತೆರಡು ಮುಚ್ಚಳ ತಿರುಗಿಸಿ, ಬೆರಳು ಮರಗಟ್ಟಿಸಿಕೊಂಡು, ಅದನ್ನು ಬೀಗಿತ್ತಿಗೆ ಉಡುಗೊರೆ ಕೊಟ್ಟಿದ್ದೆ.

"ಅತ್ತೆಯದು..." ಅಂತ ಸೊಸೆ ತೆವಳುವ ಗೆರೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಪಾಪ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಾಪ ಅಂದಳು!

ಟೀಚರಮ್ಮನ ಮುಖ ಯಾಕೋ ಬಿಳಿಚಿಕೊಂಡಿತ್ತು. "ನಂದಾ? ಸರಿಯಾಗಿ ನೋಡಿದ್ಯಾ?" ಅಂತ ಮೂರು ಸಲ ಕೇಳಿದರು. ಗೆದ್ದವರ ಬಿನ್ನಾಣ ಅಂದುಕೊಂಡೆ. ಮಗ ಕೈ ಒರೆಸಿಕೊಂಡು, "ಆಯ್ತಲ್ಲ ಅಮ್ಮ, ತೀರ್ಮಾನ ಆಯ್ತು. ನೀನೇ ಹೇಳಿದ್ದು, ಆಡಿದ ಮಾತು ತಪ್ಪಬಾರದು ಅಂತ" ಅಂದ.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಬಡಪಾಯಿ ಗ್ರಂಥಿಯ ಉದ್ಧಾರಕ್ಕೆ ಮನೆಯೆಲ್ಲ ಟೊಂಕ ಕಟ್ಟಿ ನಿಂತಿತು. ಬೆಳಿಗ್ಗೆ ಬಿಸಿಲು ಬಿದ್ದರೆ ಮೈಯ ಗಡಿಯಾರ ಸರಿಹೋಗುತ್ತದಂತೆ. ಹಾಗಾಗಿ ಆರೂವರೆಗೆ ಉದ್ಯಾನಕ್ಕೆ ನಡಿಗೆ. ಮಧ್ಯಾಹ್ನ ಮಲಗುವ ಹಾಗಿಲ್ಲ. ಎರಡರ ಮೇಲೆ ಕಾಫಿ ಇಲ್ಲ. ಟಿವಿ ಆರಕ್ಕೇ ಬಂದ್. ಮಲಗುವುದು ಒಂಬತ್ತೂವರೆಗೆ ಮಾತ್ರ, ಅಲ್ಲಿಯವರೆಗೆ ಕೂತಿರಬೇಕು. ಏಳಕ್ಕೆ ನನ್ನ ತಲೆ ವಾಲಿದರೆ ಸಾಕು, "ಅಜ್ಜಿ ಯೋಚನೆ ಮಾಡ್ತಿದಾಳೆ!" ಅಂತ ಚಿಟ್ಟಿ ಕೂಗುವುದು, ಸೊಸೆ ಓಡಿಬಂದು ಮುಖಕ್ಕೆ ನೀರು ಚಿಮುಕಿಸುವುದು. ಒಳಗೆ ಮೂವತ್ತು ವರ್ಷದ ಗ್ರಂಥಿ ಕೊಡಗಟ್ಟಲೆ ರಸ ಸುರಿಯುತ್ತಿದೆ, ಹೊರಗೆ ಇವರು ನೀರು ಸುರಿಯುತ್ತಿದ್ದಾರೆ. ಎರಡರ ನಡುವೆ ನಾನು ಒದ್ದೆ ಬ್ರೆಡ್ಡು.

ಉದ್ಯಾನಕ್ಕೆ ನನ್ನ ಜೊತೆಗೆ ಯಾರು? ಟೀಚರಮ್ಮನೇ. "ಗಟ್ಟಿ ಗ್ರಂಥಿಯವರು ಜೊತೆಗಿದ್ರೆ ಧೈರ್ಯ" ಅಂದ ನನ್ನ ಮಗ. ಎಂಟು ದಿನ ಮಾತಿಲ್ಲದೆ ನಡೆದೆವು. ಒಂಬತ್ತನೇ ದಿನ ಅವರು ಕಲ್ಲುಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡರು.

"ಬೀಗರೇ, ಒಂದು ಮಾತು ಹೇಳ್ಲಾ? ನನ್ನ ಮಗಳಿಗೆ ಗೊತ್ತಾಗಬಾರದು."

"ನಾನು ಯಾರಿಗೆ ಹೇಳ್ತೀನಿ?" ಅಂದೆ. ಕಿವಿ ನಿಗುರಿತು.

"ನನಗೆ ನಿದ್ದೆ ಬರಲ್ಲ."

"ಏನು?"

"ಇಲ್ಲಿಗೆ ಬಂದಾಗಿಂದ ಒಂದು ರಾತ್ರಿನೂ ಸರಿಯಾಗಿ ಮಲಗಿಲ್ಲ. ಬೆಳಗಿನ ಜಾವ ಒಂದು ಗಂಟೆ ಹೊತ್ತು ಜೊಂಪು ಹತ್ತಿದ್ರೆ ಅದೇ ಭಾಗ್ಯ. ಅಳಿಯನ ಮನೆ, ನೋಡಿ. ಎದ್ದು ಓಡಾಡಿದ್ರೆ ಏನಂದ್ಕೋತಾರೋ ಅಂತ ಕಣ್ಣು ಮುಚ್ಕೊಂಡು ಬಿದ್ದಿರ್ತೀನಿ. ಮನಸ್ಸಲ್ಲೇ ಬಟ್ಟೆ ಕತ್ತರಿಸ್ತೀನಿ. ಒಂದು ರಾತ್ರಿಗೆ ಆರು ಅಂಗಿ ಹೊಲಿದು ಮುಗಿಸ್ತೀನಿ, ಗುಂಡಿ ಸಮೇತ. ನೀವು ಎರಡೂವರೆಗೆ ಎದ್ದು ಪಾತ್ರೆ ಸದ್ದು ಮಾಡಿದಾಗ ಎಷ್ಟು ಸಮಾಧಾನ ಆಗುತ್ತೆ ಗೊತ್ತಾ? ಸದ್ಯ, ಇನ್ನೊಂದು ಜೀವ ಎಚ್ಚರವಾಗಿದೆ ಅಂತ. ಹಾಗಿರೋವಾಗ ನನಗೆ ಆ ರಿಪೋರ್ಟ್ ಹೇಗೆ ಬಂತು ಅನ್ನೋದೇ ತಿಳೀತಿಲ್ಲ."

ಒಳ್ಳೆಯ ಹೆಂಗಸಾಗಿದ್ದರೆ ಆಗ ಅವರ ಕೈ ಹಿಡಿದು ಎರಡು ಹನಿ ಕಣ್ಣೀರು ಹಾಕುತ್ತಿದ್ದಳು. ನಾನೂ ಕೈ ಹಿಡಿದೆ. ಆದರೆ ಒಳಗೆ ನಗಾರಿ ಬಡಿಯುತ್ತಿತ್ತು. ನಿದ್ದೆ ಇಲ್ಲ! ನಟನೆ! ಎರಡು ವರ್ಷ ನಾನು ಉರಿದದ್ದು ಇಲ್ಲದ ನಿದ್ದೆಗೆ! ಗ್ರಂಥಿಯೂ ನನ್ನದೇ, ನಿದ್ದೆಯೂ ನನ್ನದೇ. ಹಾಗಾದರೆ ಮಗುವೂ ನನ್ನದೇ ಆಗಬೇಕಲ್ಲ!

ಗುಟ್ಟನ್ನು ಕಾಪಾಡಿದೆ. ಉದ್ಯಾನದಿಂದ ಮನೆಯವರೆಗೂ ಕಾಪಾಡಿದೆ. ಅವತ್ತು ರಜೆ, ಎಲ್ಲರೂ ಮೇಜಿನ ಮುಂದಿದ್ದರು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟೆ.

"ಮುಚ್ಚಳ ಬದಲಾಯಿಸಿದ್ದು ನಾನು. ಆ ಏಣಿ ನನ್ನದು. ಟೀಚರಮ್ಮನಿಗೆ ನಿದ್ದೆಯೇ ಬರಲ್ಲ, ಅವರೇ ಹೇಳಿದ್ರು. ಈಗ ಆಡಿದ ಮಾತಿನ ಪ್ರಕಾರ ಚಿಟ್ಟಿಯ ದಿಂಬು ನನ್ನ ಮಂಚಕ್ಕೆ ಬರಬೇಕು."

ಮೇಜಿನ ಸುತ್ತ ಚಮಚಗಳೆಲ್ಲ ಗಾಳಿಯಲ್ಲೇ ನಿಂತವು.

"ಅತ್ತೇ!" ಅಂತ ಸೊಸೆ ಎದ್ದು ನಿಂತಳು. "ಡಾಕ್ಟರು ಅದನ್ನ ಹತ್ತು ಜನಕ್ಕೆ ತೋರಿಸಿದಾರೆ! ನಾಳೆ ನಾನು ಹೋಗಿ ಏನು ಹೇಳಲಿ? ನಮ್ಮತ್ತೆ ಮುಚ್ಚಳ ಕಳ್ಳಿ ಅಂತ ಹೇಳಲಾ?"

"ಹೇಳು. ಆದರೆ ಮೂವತ್ತು ವರ್ಷದ ಗ್ರಂಥಿ ಇರೋ ಕಳ್ಳಿ ಅಂತ ಹೇಳು."

ಮಗ ನಗಲು ಶುರುಮಾಡಿ, ಹೆಂಡತಿಯ ಮುಖ ನೋಡಿ, ಅದನ್ನು ಕೆಮ್ಮು ಮಾಡಿಕೊಂಡ. ಆದರೆ ಸೊಸೆಯ ಕೋಪ ನನ್ನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮ, ಎರಡು ವರ್ಷದಿಂದಾನಾ? ನನಗೆ ಒಂದು ಮಾತು ಹೇಳಬಾರದಿತ್ತಾ?" ಟೀಚರಮ್ಮ ನನ್ನನ್ನು ಒಂದು ಸಲ ನೋಡಿದರು. ಬಟ್ಟೆಯನ್ನು ತಪ್ಪು ಕತ್ತರಿಸಿದ ಹುಡುಗಿಯನ್ನು ನೋಡುವ ಹಾಗೆ. ತಾಯಿ ಮಗಳು ಇಬ್ಬರೂ ಕಣ್ಣೊರೆಸಿಕೊಂಡರು, ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಯಿತು. ನನ್ನ ಏಣಿಯನ್ನು ಯಾರೂ ನೋಡುತ್ತಲೇ ಇರಲಿಲ್ಲ.

"ಅದೆಲ್ಲ ಆಮೇಲೆ" ಅಂದೆ ನಾನು. "ಮೊದಲು ಮಗುವಿನ ತೀರ್ಮಾನ ಆಗಲಿ."

ಎಲ್ಲರೂ ಚಿಟ್ಟಿಯ ಕಡೆ ನೋಡಿದರು. ಅವಳು ಹಾಲಿನ ಮೀಸೆ ಹೊತ್ತುಕೊಂಡು ಕೂತಿದ್ದಳು.

"ಟೀಚರಜ್ಜಿ ಎಚ್ಚರವಾಗೇ ಇರ್ತಾಳೆ ಅಂತ ನಂಗೆ ಗೊತ್ತಿತ್ತು" ಅಂದಳು. "ಅದಕ್ಕೇ ಅಲ್ಲಿಗೆ ಹೋಗಿದ್ದು."

"ಅಂದ್ರೆ? ಎರಡೂವರೆಗೆ ನಾನು ಸದ್ದು ಮಾಡ್ತೀನಿ ಅಂತ ಅಲ್ವಾ?"

"ಅದು ನಂಗೆ ಕೇಳಿಸೋದೇ ಇಲ್ಲ. ಅಜ್ಜಿ, ನೀನು ಕಥೆ ಶುರುಮಾಡ್ತೀಯ, ಅರ್ಧಕ್ಕೇ ಗೊರ್ರ್ ಅಂತೀಯ. ರಾಜಕುಮಾರಿ ಬಾವೀಲಿ ಬಿದ್ಲು, ಗೊರ್ರ್. ಮುದುಕನ ಕತ್ತೆ ಸೇತುವೆ ಮೇಲೆ ನಿಂತ್ಕೊಳ್ತು, ಗೊರ್ರ್. ಕಳ್ಳ ಅಟ್ಟ ಹತ್ತಿದ, ಗೊರ್ರ್. ನಂಗೆ ಭಯ ಆಗ್ತಿತ್ತು, ಕಳ್ಳ ಇನ್ನೂ ಅಟ್ಟದ ಮೇಲೇ ಇದಾನೆ ಅಂತ. ಟೀಚರಜ್ಜಿನೇ ಕಳ್ಳನ್ನ ಕೆಳಗಿಳಿಸಿದ್ದು. ಕತ್ತೆನೂ ದಾಟಿಸಿದಳು. ಅವಳು ಕಥೆ ಪೂರ್ತಿ ಮುಗಿಸ್ತಾಳೆ. ಮುಗಿದ ಮೇಲೆ ಇನ್ನೊಂದು ಹೇಳು ಅಂದ್ರೂ ಹೇಳ್ತಾಳೆ."

ಮಗನಿಗೆ ಈ ಸಲ ಕೆಮ್ಮು ಸಾಕಾಗಲಿಲ್ಲ. ಮೇಜು ಬಡಿದು ನಕ್ಕ. "ಅಮ್ಮ, ನಿನ್ನ ಗ್ರಂಥಿ ಗಟ್ಟಿ ಅಂತ ಕಾಗದದಲ್ಲೇ ಬಂದಿದೆ, ಅಂದ್ರೆ ನಿನ್ನ ಕಥೆ ಮುಗಿಯೋದೇ ಇಲ್ಲ. ಇನ್ನು ಅಪೀಲಿಲ್ಲ."

ಹೊಟ್ಟೆಗೆ ಬೆಂಕಿ ಬಿದ್ದರೆ ನೀರು ಕುಡಿಯಬಹುದು. ತನ್ನ ಗ್ರಂಥಿಯ ಮೇಲೆ ತನಗೇ ಬೆಂಕಿ ಬಿದ್ದರೆ? ಏಣಿ ಏಣಿ ಅಂತ ಕುಣಿದೆನಲ್ಲ, ಮಗು ನನ್ನ ಮಂಚದಿಂದ ಇಳಿದುಹೋದದ್ದೇ ಆ ಏಣಿಯ ಮೇಲೆ.

ಆದರೂ ಸೋಲೊಪ್ಪಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ? "ಇವತ್ತು ಒಂದು ಸಂಜೆ ಅವಕಾಶ ಕೊಡು ಚಿಟ್ಟಿ. ಬಾವಿಯ ರಾಜಕುಮಾರಿಯ ಕಥೆ ಪೂರ್ತಿ ಹೇಳ್ತೀನಿ. ಮುಗಿಸಿದ್ರೆ ನನ್ನ ಹತ್ತಿರ ಬರಬೇಕು" ಅಂದೆ. ಚಿಟ್ಟಿ ಒಪ್ಪಿದಳು. (ಬಾವಿಯಲ್ಲಿದ್ದವಳನ್ನು ಟೀಚರಜ್ಜಿ ಇನ್ನೂ ಎತ್ತಿರಲಿಲ್ಲವಂತೆ. ಅವಳು ನನ್ನ ಪಾಲಿಗಿರಲಿ ಅಂತ ಬಿಟ್ಟಿದ್ದರಂತೆ. ಅದನ್ನು ಕೇಳಿದಾಗ ಸ್ವಲ್ಪ ಚುಚ್ಚಿತು.)

ಬೆಳಕು ಬಿದ್ದರೆ ಗ್ರಂಥಿ ಒಲೆ ಆರಿಸುತ್ತದೆ ಅಂತ ಕಲಿತಿದ್ದೆನಲ್ಲ. ಸಂಜೆ ಆರಕ್ಕೇ ನಮ್ಮ ಕೋಣೆಯ ಎಲ್ಲ ದೀಪ ಹಾಕಿದೆ. ಮುಂದಿನ ಕೋಣೆಯ ಮೇಜಿನ ದೀಪವನ್ನೂ ತಂದೆ. ಮಗ ಲಿಫ್ಟಿನ ತಳದ ಹಳ್ಳಕ್ಕೆ ಇಳಿಯುವಾಗ ಹಿಡಿಯುವ ದೊಡ್ಡ ಟಾರ್ಚನ್ನು ನನ್ನ ಮುಖಕ್ಕೆ ನೇರವಾಗಿ ನಿಲ್ಲಿಸಿದೆ. ಕೋಣೆ ಮದುವೆ ಮನೆಯಾಯಿತು. ಸೊಸೆ ಬೇಡವೆಂದರೂ ಕದ್ದು ಒಂದು ಲೋಟ ಕಾಫಿ ಕುಡಿದೆ. ಚಿಟ್ಟಿ ನನ್ನ ಮಗ್ಗುಲಿಗೆ ಬಂದು, ಎಷ್ಟೋ ತಿಂಗಳ ಮೇಲೆ, ನನ್ನ ಕಿವಿ ಹಿಡಿಯಿತು. ಆ ಪುಟ್ಟ ಬೆರಳು ಬಿಸಿಯಾಗಿತ್ತು.

"ಒಂದಾನೊಂದು ಊರಲ್ಲಿ ಒಬ್ಬ ರಾಜಕುಮಾರಿ ಇದ್ದಳು" ಅಂದೆ. ಬಾವಿಗೆ ಬೀಳಿಸಿದೆ. ಊರ ಜನರನ್ನೆಲ್ಲ ಕರೆಸಿದೆ. ಹಗ್ಗ ತರಿಸಿದೆ. ಹಗ್ಗ ಗಿಡ್ಡವಾಯಿತು, ಇನ್ನೊಂದು ಹಗ್ಗ ತರಲು ಆಳನ್ನು ಓಡಿಸಿದೆ. ಆಳು ಬಂದ. ಎರಡು ಹಗ್ಗಕ್ಕೂ ಗಂಟು ಹಾಕಿದ. ರಾಜಕುಮಾರಿ ಕೈ ಚಾಚಿದಳು. ಅವಳ ಬೆರಳು ಹಗ್ಗಕ್ಕೆ ತಾಗಿತು...

ಕಣ್ಣು ಪಟ್ಟನೆ ತೆರೆಯಿತು. ಎರಡೂವರೆ.

ದೀಪಗಳೆಲ್ಲ ಆರಿದ್ದವು. ನನ್ನ ಮೈಮೇಲೆ ಯಾರೋ ಸುಕ್ಕಿಲ್ಲದ ಹಾಗೆ ಹೊದಿಕೆ ಹೊದಿಸಿದ್ದರು. ಕಿವಿ ತಣ್ಣಗಿತ್ತು. ಮೂರಡಿ ಆಚೆ ಟೀಚರಮ್ಮ ನೆಟ್ಟಗೆ ಮಲಗಿದ್ದರು, ಅವರ ಕಿವಿ ಹಿಡಿದು ಚಿಟ್ಟಿ.

"ಬೀಗರೇ" ಅಂತ ಪಿಸುಗುಟ್ಟಿದೆ. "ಎಚ್ಚರವಾಗಿದ್ದೀರಾ?"

"ನಾಲ್ಕನೇ ಅಂಗಿಯಲ್ಲಿದ್ದೀನಿ" ಅಂತ ಕಣ್ಣು ಮುಚ್ಚಿಕೊಂಡೇ ಉತ್ತರ ಬಂತು.

ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ರಾಜಕುಮಾರಿ ಮೇಲೆ ಬಂದಳಾ?"

"ಹಗ್ಗ ಹರಿದುಹೋಯ್ತು. ಅವಳು ತನ್ನ ಮೇಲ್ಬಟ್ಟೆ ಬಿಚ್ಚಿ, ದಾರ ತೆಗೆದು, ಕತ್ತಲಲ್ಲೇ ಒಂದು ಏಣಿ ಹೊಲಿದಳು. ತಾನೇ ಹತ್ತಿ ಬಂದಳು."

ಎದ್ದು ಅಡುಗೆಮನೆಗೆ ಹೋಗಿ ನೀರು ಕಾಯಲು ಇಟ್ಟೆ. ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದೆ, ಅವರಿಗೆ ಸಮಾಧಾನವಾಗಲಿ ಅಂತ. ಇನ್ನೊಂದು ಕಾರಣವೂ ಇತ್ತು. ನನ್ನ ಕಥೆಯಲ್ಲಿ ಅವಳನ್ನು ಮೇಲೆತ್ತಲು ಊರ ಜನವೆಲ್ಲ ಬೇಕಾಗಿತ್ತು. ಇವರದು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?